ಕುಂಬಳೆ ಸೀಮೆಯ ನಾಲ್ಕು ತಲೆಮಾರು: ಒಂದು ಪ್ರಶ್ನೆಗೆ ಉತ್ತರ

ಕಾಸರಗೋಡಿನ ಕನ್ನಡಿಗರು ಇಂದಿಗೂ ಕರ್ನಾಟಕವನ್ನು ಸೇರಲು ಬಯಸುತ್ತಾರೋ, ಇಲ್ಲವೇ ಕೇರಳಕ್ಕೆ ಒಗ್ಗಿಕೊಂಡಿದ್ದಾರೋ ಎಂದು ತಾವು ಕೇಳಿದ್ದೀರಿ. ಒಂದು ಮಾತಿನಲ್ಲಿ ಉತ್ತರಿಸಿದರೆ ನಮ್ಮ ಮನೆಯ ಮಟ್ಟಿಗಾದರೂ ಅದು ಅರ್ಧ ಸುಳ್ಳಾಗುತ್ತದೆ. ಆದ್ದರಿಂದ ಮನೆಯ ಸಂಗತಿಯನ್ನೇ ಹೇಳುತ್ತೇನೆ.

ಕುಂಬಳೆಯಿಂದ ಒಳಕ್ಕೆ, ಶಿರಿಯ ಹೊಳೆಯ ಬದಿಯಲ್ಲಿ ನಮ್ಮ ಅಡಿಕೆ ತೋಟವಿದೆ. ಅಪ್ಪ ಹುಟ್ಟಿದಾಗ ಇದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಾಗಿತ್ತು. ಅಕ್ಕ ಹುಟ್ಟಿದ್ದೂ ಅದೇ ಜಿಲ್ಲೆಯಲ್ಲಿ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. 1960ರಲ್ಲಿ ಹುಟ್ಟಿದ ನಾನು ಕಣ್ಣೂರು ಜಿಲ್ಲೆಯವನಾದೆ, 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆಯಾದ ಬಳಿಕ ಹುಟ್ಟಿದ ನನ್ನ ಮಕ್ಕಳಿಬ್ಬರೂ ಕಾಸರಗೋಡು ಜಿಲ್ಲೆಯವರಾದರು. ಮನೆಯೊಳಗೆ ನಾವು ಆಡುವುದು ತುಳು, ಓದಿ ಬರೆಯುವುದು ಕನ್ನಡ, ನೆರೆಯ ಬ್ಯಾರಿಗಳೊಡನೆ ಬ್ಯಾರಿ ಭಾಷೆ, ಪಂಚಾಯತು ಕಚೇರಿಯಲ್ಲಿ ಮಲಯಾಳ. ತುಳು ಆಡುವವರಿಗೆ ಕನ್ನಡದ ಮೇಲೆ ಇಷ್ಟು ಮಮತೆ ಏಕೆಂದು ಬೆಂಗಳೂರಿನವರು ಅಚ್ಚರಿಪಡುವುದುಂಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯಲ್ಲಿ ಯಕ್ಷಗಾನದ ಆಟದ ಪದ್ಯವನ್ನು ಕೇಳಿ ಬೆಳೆದವರಿಗೆ ಕಥೆ, ಲೆಕ್ಕ, ಕಾಗದ, ದೇವರ ಸ್ತುತಿ ಎಲ್ಲವೂ ಕನ್ನಡದಲ್ಲೇ ಬಂದದ್ದರಿಂದ ನಮಗೆ ಅದರಲ್ಲಿ ಅಚ್ಚರಿ ಕಾಣುವುದಿಲ್ಲ.

ಅಪ್ಪ ಓದಿದ್ದು ಐದನೆಯ ತರಗತಿಯವರೆಗೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಸಮೀಪದಲ್ಲಿ ಎಲ್ಲಿ ಭಾಷಣ ಮಾಡಿದರೂ ಅವರು ಗದ್ದೆ ಕೆಲಸ ಬಿಟ್ಟು ಹೋಗುತ್ತಿದ್ದರು. ಚಂದ್ರಗಿರಿ ಹೊಳೆಯ ಬಡಗು ಭಾಗವನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿದಾಗ, ಇನ್ನೇನು ಆಗಿಯೇ ಹೋಯಿತೆಂದು ಅವರು ನಂಬಿದ್ದರು. ಅದು ಆಗಲಿಲ್ಲ. ಆದರೆ ಅದೇ ಅಪ್ಪ ಆಗ ಗೇಣಿಯ ಒಕ್ಕಲು. ಬೆಳೆದದ್ದರಲ್ಲಿ ದೊಡ್ಡ ಪಾಲನ್ನು ಧಣಿಗಳ ಮನೆಗೆ ಅಳೆದು ಕೊಡುತ್ತಿದ್ದವರು. ಕೇರಳದ ಭೂಸುಧಾರಣೆಯ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂದು ಗೇಣಿ ಪದ್ಧತಿಯೇ ಕೊನೆಗೊಂಡಿತು, ಕೆಲವು ವರ್ಷಗಳಲ್ಲಿ ತೋಟ ನಮ್ಮದಾಯಿತು. ಹಕ್ಕಿನ ಕಾಗದ ಬಂದಾಗ ಅದರಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ನಾನು ಓದಿ ಅರ್ಥ ಹೇಳಿದೆ. ಅಪ್ಪ ಅದನ್ನು ದೇವರ ಕೋಣೆಯ ಪೆಟ್ಟಿಗೆಯಲ್ಲಿಟ್ಟರು. ಕನ್ನಡದ ಹೋರಾಟವನ್ನೂ ಅವರು ಬಿಡಲಿಲ್ಲ, ಆ ಕಾಗದದ ಋಣವನ್ನೂ ಮರೆಯಲಿಲ್ಲ. ತಮ್ಮ ಪ್ರಶ್ನೆಗೆ ಅವರ ಬದುಕಿನಲ್ಲಿರುವಷ್ಟು ಪ್ರಾಮಾಣಿಕವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶಿಕ್ಷಕ ತರಬೇತಿ ಮುಗಿಸಿ ನಾನು ಕನ್ನಡ ಮಾಧ್ಯಮದ ಅಧ್ಯಾಪಕನಾದೆ, 56 ತುಂಬಿ 2016ರ ಮಾರ್ಚ್ ಕೊನೆಯಲ್ಲಿ ನಿವೃತ್ತನಾದೆ. ನಮ್ಮ ಕಡೆಯ ಅನೇಕ ಶಾಲೆಗಳಲ್ಲಿ ಒಂದೇ ಮಾಡಿನ ಕೆಳಗೆ ಕನ್ನಡ ಡಿವಿಜನ್, ಮಲಯಾಳ ಡಿವಿಜನ್ ಎರಡೂ ಇರುತ್ತವೆ. ಜೂನ್‌ನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆ ನಡೆಯುತ್ತದೆ. ಸಂಖ್ಯೆ ಕಡಿಮೆಯಾದರೆ ಡಿವಿಜನ್ ಹೋಗುತ್ತದೆ, ಅದರೊಂದಿಗೆ ಅಧ್ಯಾಪಕರ ಹುದ್ದೆಯೂ ಹೋಗುತ್ತದೆ. ಹೀಗಾಗಿ ಮೇ ತಿಂಗಳ ರಜೆಯಲ್ಲಿ ನಾವು ಮನೆಮನೆಗೆ ಹೋಗಿ, ಮಗುವನ್ನು ಕನ್ನಡಕ್ಕೆ ಸೇರಿಸಿರೆಂದು ತಾಯಂದಿರನ್ನು ಕೇಳಿಕೊಳ್ಳುತ್ತಿದ್ದೆವು. ಸುತ್ತೋಲೆ ಮಲಯಾಳದಲ್ಲಿ, ತರಬೇತಿ ಶಿಬಿರವೂ ಬಹುಪಾಲು ಮಲಯಾಳದಲ್ಲಿ. ಮಲಯಾಳ ಬಲ್ಲ ನಾನು ಸಹೋದ್ಯೋಗಿಗಳಿಗೆ ಅವನ್ನು ಕನ್ನಡಕ್ಕೆ ಇಳಿಸಿಕೊಡುತ್ತಿದ್ದೆ. ಕನ್ನಡ ತಿಳಿಯದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ಜಿಲ್ಲೆಯಲ್ಲಿ ಪೋಷಕರು ಬೀದಿಗಿಳಿದದ್ದೂ ಇದೆ, ಅದು ನ್ಯಾಯವಾದ ಸಿಟ್ಟೇ. ಆದರೂ ಸಂಬಳ, ಪಿಂಚಣಿ, ಊರಿನ ಆಸ್ಪತ್ರೆ, ಗ್ರಂಥಾಲಯ ಇವುಗಳ ವಿಷಯದಲ್ಲಿ ಕೇರಳ ನನ್ನನ್ನು ಹೊರಗಿನವನಂತೆ ಕಾಣಲಿಲ್ಲವೆಂಬುದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ.

ಮಗಳು ಹತ್ತನೆಯವರೆಗೆ ಕನ್ನಡದಲ್ಲಿ ಓದಿದಳು. ಪ್ಲಸ್ ಟು ಮುಗಿದ ಮೇಲೆ ಗಡಿನಾಡ ಕನ್ನಡಿಗರಿಗೆ ಕರ್ನಾಟಕ ಕೊಟ್ಟಿರುವ ಅವಕಾಶದಲ್ಲಿ ಎಂಜಿನಿಯರಿಂಗಿಗೆ ಅರ್ಜಿ ಹಾಕಿದಳು. ಅದಕ್ಕಾಗಿ ಬೆಂಗಳೂರಿಗೆ ಹೋಗಿ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆದಳು. ಅವಳ ಮದುವೆ ಪುತ್ತೂರು ಕಡೆಯ ಹುಡುಗನೊಡನೆ ಆಯಿತು. ನಮ್ಮವರಿಗೆ ಪುತ್ತೂರು, ಸುಳ್ಯ, ಬಂಟ್ವಾಳದ ಸಂಬಂಧಗಳು ಗಡಿಗಿಂತ ಹಳೆಯವು; ಮದುವೆಯ ಕಾಗದ ಅಚ್ಚಾಗುವುದೂ ಕನ್ನಡದಲ್ಲೇ. ಗಡಿ ಇದೆಯೆಂದು ನಮಗೆ ದಿನನಿತ್ಯ ತೋರುವುದೂ ಇಲ್ಲ, ಏಕೆಂದರೆ ದೊಡ್ಡ ಕಾಯಿಲೆಗೆ ಮಂಗಳೂರು, ಜವಳಿಗೂ ಮಂಗಳೂರು. ಅದು ತೋರಿದ್ದು 2020ರ ಮಾರ್ಚ್‌ನಲ್ಲಿ, ಕೊರೊನಾ ಕಾಲದಲ್ಲಿ ಕರ್ನಾಟಕವು ಗಡಿಯ ತಲಪಾಡಿಯಲ್ಲಿ ಹೆದ್ದಾರಿ ಮುಚ್ಚಿ ಒಳದಾರಿಗಳಿಗೂ ಮಣ್ಣು ಸುರಿದಾಗ. ಮಂಗಳೂರಿಗೆ ತಲುಪಲಾಗದೆ ಈ ಕಡೆಯ ರೋಗಿಗಳು ಪ್ರಾಣ ಬಿಟ್ಟರು. ಮಗಳು ಆಗ ತುಂಬು ಗರ್ಭಿಣಿ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳು ಬರಲಾಗಲಿಲ್ಲ, ಮೊಮ್ಮಗನ ತೊಟ್ಟಿಲು ಶಾಸ್ತ್ರಕ್ಕೆ ನಾವು ಹೋಗಲಾಗಲಿಲ್ಲ. ನನ್ನ ಹೆಂಡತಿ ಅದನ್ನು ಫೋನಿನಲ್ಲಿ ನೋಡಿದಳು. ಕನ್ನಡಿಗರೆಂದು ನಾವು ಯಾರನ್ನು ನಂಬಿದ್ದೆವೋ ಆ ಕಡೆಯಿಂದಲೇ ಬಾಗಿಲು ಹಾಕಿದ ನೋವು ನಮ್ಮ ಸೀಮೆಯಲ್ಲಿ ಇನ್ನೂ ಪೂರ್ತಿ ಆರಿಲ್ಲ.

ಮಗ ಊರಲ್ಲೇ ಇದ್ದಾನೆ. ಅವನ ಮಗಳನ್ನು ಒಂದನೆಯ ತರಗತಿಗೆ ಸೇರಿಸುವಾಗ ಮನೆಯಲ್ಲಿ ಬಹಳ ಚರ್ಚೆಯಾಯಿತು. ಇಂಗ್ಲಿಷ್ ಮಾಧ್ಯಮಕ್ಕೆ ಕಳುಹಿಸುವವರನ್ನು ನಾನು ದೂರುವುದಿಲ್ಲ. ಕನ್ನಡದಲ್ಲಿ ಓದಿದ ಮಗು ಹತ್ತರ ನಂತರ ಪಡುವ ಪಾಡನ್ನು ಹತ್ತಿರದಿಂದ ಕಂಡವನು ನಾನು. ಕೊನೆಗೆ ಸೊಸೆಯೇ, ಅಕ್ಷರ ಇಲ್ಲೇ ಕಲಿಯಲಿ ಮಾವ, ಇಂಗ್ಲಿಷನ್ನು ಮನೆಯಲ್ಲಿ ನಾನು ಹೇಳಿಕೊಡುತ್ತೇನೆ ಎಂದಳು. ಮೊಮ್ಮಗಳು ಈಗ ಊರ ಶಾಲೆಯ ಕನ್ನಡ ಡಿವಿಜನ್‌ನಲ್ಲಿದ್ದಾಳೆ.

ಅಪ್ಪನ ಕಾಲದ ಆಸೆ ನನ್ನಲ್ಲಿ ಅಳಿದಿಲ್ಲ, ಆದರೆ ಗೆರೆ ಎಳೆಯುವುದು ನನ್ನ ಕೈಯಲ್ಲಿಲ್ಲ. ಕೈಯಲ್ಲಿರುವುದು ಮೇ ತಿಂಗಳ ಆ ಮನೆಭೇಟಿ. ನಿವೃತ್ತನಾದ ಮೇಲೂ ಹಳೆಯ ಅಧ್ಯಾಪಕರು ಕೆಲವರು ಸೇರಿ ಅದನ್ನು ನಡೆಸಿಕೊಂಡು ಬಂದಿದ್ದೇವೆ. ತಾವು ಈ ಕಡೆ ಬರುವುದಾದರೆ ಜೂನ್ ಮೊದಲ ವಾರದಲ್ಲಿ ಬನ್ನಿ, ಶಾಲೆಗೆ ಕರೆದುಕೊಂಡು ಹೋಗುತ್ತೇನೆ.