ಗುರು ದೇವರಲ್ಲ, ಮತ್ತೆ ತಲೆಬಾಗುವುದೇಕೆ?

ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಹೋಗಿಬಂದ ಕಲಬುರಗಿಯ ಓದುಗರೊಬ್ಬರು ಬರೆದಿದ್ದಾರೆ: ‘ಸಿಖ್ಖರು ಮೂರ್ತಿಪೂಜೆ ಒಪ್ಪುವುದಿಲ್ಲ ಅಂತ ಕೇಳಿದ್ದೆ. ಅಲ್ಲಿ ನೋಡಿದರೆ ಗ್ರಂಥಕ್ಕೆ ಮೇಲ್ಕಟ್ಟು, ರೇಷ್ಮೆ ಹೊದಿಕೆ, ಚಾಮರ ಸೇವೆ. ಜನ ನೆಲಕ್ಕೆ ಹಣೆ ಹಚ್ಚುತ್ತಾರೆ. ಇದೂ ಪೂಜೆಯೇ ಅಲ್ವಾ? ಹತ್ತು ಗುರುಗಳು ಅವರಿಗೆ ಅವತಾರಗಳೇ? ನಾನಂತೂ ತಲೆಬಾಗದೆ ಬಂದೆ. ತಪ್ಪಾಯಿತೇ?’

ಅವತಾರದ ಮಾತನ್ನು ಮೊದಲು ಮುಗಿಸಿಬಿಡೋಣ. ಅವತಾರಗಳಲ್ಲ. ಸಿಖ್ಖರ ಧರ್ಮಗ್ರಂಥವಾದ ಗುರು ಗ್ರಂಥ ಸಾಹಿಬ್ ಶುರುವಾಗುವುದೇ ‘ಇಕ್ ಓಂಕಾರ್’ ಎಂಬ ಮೂಲಮಂತ್ರದಿಂದ. ದೇವರು ಒಬ್ಬನೇ, ಅವನ ಹೆಸರೇ ಸತ್ಯ, ಎಲ್ಲವನ್ನೂ ಮಾಡಿದವನು ಅವನೇ. ಅವನಿಗೆ ಅಂಜಿಕೆಯಿಲ್ಲ, ಯಾರ ಮೇಲೂ ಹಗೆಯಿಲ್ಲ, ಕಾಲದ ಹಂಗಿಲ್ಲ. ಆಮೇಲೆ ಬರುವುದು ‘ಅಜೂನಿ’, ಅಂದರೆ ಯಾವ ಬಸಿರಿನಿಂದಲೂ ಹುಟ್ಟದವನು. ಅಲ್ಲಿಗೆ ಅವತಾರದ ಬಾಗಿಲು ಮುಚ್ಚಿತು. ಗ್ರಂಥದಲ್ಲಿ ರಾಮ, ಹರಿ, ಅಲ್ಲಾಹ್ ಎಂಬ ಹೆಸರುಗಳು ಬರುತ್ತವೆ, ನಿಜ. ಅವೆಲ್ಲ ಆ ಒಬ್ಬನನ್ನೇ ಕರೆಯುವ ಹೆಸರುಗಳು. ಹತ್ತನೆಯ ಗುರು ಗೋಬಿಂದ್ ಸಿಂಗರದೆಂದು ಸಿಖ್ಖರು ಓದುವ ಬಚಿತ್ರ ನಾಟಕದಲ್ಲಿ ಮಾತು ಇನ್ನೂ ಖಾರವಾಗಿದೆ: ನನ್ನನ್ನು ಪರಮೇಶ್ವರ ಅಂದವರು ನರಕಕ್ಕೆ ಬೀಳುತ್ತಾರೆ, ನಾನು ಅವನ ದಾಸ ಅಷ್ಟೇ.

ಹಾಗಾದರೆ ಗುರು ಯಾಕೆ ಬೇಕು? ದೇವರು ಎಲ್ಲೆಲ್ಲೂ ಇದ್ದಾನೆ, ನಮ್ಮೊಳಗೂ ಇದ್ದಾನೆ. ಆದರೆ ‘ನಾನು, ನಾನು’ ಎನ್ನುವ ಗದ್ದಲದಲ್ಲಿ ಅವನು ನಮಗೆ ಕೇಳಿಸುವುದಿಲ್ಲ. ಇದಕ್ಕೆ ಅವರು ‘ಹೌಮೆ’ ಅನ್ನುತ್ತಾರೆ. ಆ ಗದ್ದಲ ಅಡಗಿಸುವುದು ಗುರುವಿನ ಮಾತು, ಅಂದರೆ ಶಬದ್. ಸಿಖ್ಖರಿಗೆ ಗುರು ಅಂದರೆ ಮುಖ್ಯವಾಗಿ ಆ ಮಾತು, ಅದನ್ನಾಡಿದ ದೇಹವಲ್ಲ.

ಇದು ಸುಮ್ನೆ ತತ್ವವಾಗಿ ಉಳಿದಿಲ್ಲ. ಗ್ರಂಥ ತೆರೆದರೆ ಕಾಣುತ್ತದೆ. ಅದರಲ್ಲಿ ಆರು ಗುರುಗಳ ರಚನೆಗಳಿವೆ. ಮೊದಲ ಐವರದು, ಒಂಬತ್ತನೆಯವರದು. ಆರೂ ಜನರ ಅಂಕಿತ ಒಂದೇ, ‘ನಾನಕ್’. ನಮ್ಮ ವಚನಕಾರರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂಕಿತ. ಇಲ್ಲಿ ಹಾಡು ಯಾರದು ಅಂತ ತಿಳಿಯಬೇಕಾದರೆ ಮೇಲಿನ ‘ಮಹಲಾ 1’, ‘ಮಹಲಾ 5’ ಎಂಬ ಗುರುತು ನೋಡಬೇಕು, ಅಂದರೆ ಮೊದಲನೆಯ ಗುರು, ಐದನೆಯ ಗುರು. ಬೆಳಕು ಒಂದೇ, ದೇಹ ಮಾತ್ರ ಬದಲಾಯಿತು ಎಂಬುದು ಅವರ ನಂಬಿಕೆ. 1539ರಲ್ಲಿ ಗುರು ನಾನಕರು ತಮ್ಮ ಇಬ್ಬರು ಗಂಡುಮಕ್ಕಳನ್ನು ಬಿಟ್ಟು ಶಿಷ್ಯ ಲೆಹಣಾನನ್ನು ಗುರುವಾಗಿ ಕೂರಿಸಿ, ಅಂಗದ್ ಎಂದು ಹೆಸರಿಟ್ಟರಲ್ಲ, ಅದನ್ನೂ ಹೀಗೇ ನೋಡಬೇಕು. 1604ರಲ್ಲಿ ಐದನೆಯ ಗುರು ಅರ್ಜನ್ ದೇವ್ ಗ್ರಂಥವನ್ನು ಸಂಕಲಿಸಿದಾಗ ಕಬೀರ, ರವಿದಾಸ, ನಾಮದೇವ, ಶೇಖ್ ಫರೀದರ ಹಾಡುಗಳೂ ಒಳಗೆ ಬಂದವು. ಕೊನೆಗೆ 1708ರಲ್ಲಿ ನಾಂದೇಡದಲ್ಲಿ ಗುರು ಗೋಬಿಂದ್ ಸಿಂಗ್, ಇನ್ನು ಮುಂದೆ ಗ್ರಂಥವೇ ಗುರು ಅಂದರು.

ನೀವು ನೋಡಿದ ಮೇಲ್ಕಟ್ಟು, ಚಾಮರ ಎಲ್ಲ ಗದ್ದುಗೆಯ ಮೇಲಿರುವ ಗುರುವಿಗೆ ಸಲ್ಲುವ ಮರ್ಯಾದೆ. ರಾತ್ರಿ ಗ್ರಂಥವನ್ನು ಬಟ್ಟೆಯಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು, ಮಲಗಿಸಲು ಒಯ್ಯುತ್ತಾರೆ. ಬೆಳಗಿನ ಜಾವ ಮತ್ತೆ ತಂದು, ಯಾವುದೋ ಒಂದು ಪುಟ ತೆರೆಯುತ್ತಾರೆ. ಎಡಪುಟದ ಮೇಲ್ಗಡೆಯ ಹಾಡು ಆ ದಿನದ ‘ಹುಕಂ’, ಅಂದರೆ ಗುರುವಿನ ಅಪ್ಪಣೆ. ಇದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ ಅನ್ನಿಸುತ್ತದೆ ನನಗೆ. ತಲೆಬಾಗಿದ ಮೇಲೆ ಕೂತು ಕೇಳಬೇಕು. ಹೊದಿಕೆ ತೆಗೆಯದೆ, ಓದದೆ, ಹೂ ಏರಿಸಿ ಹೊರಟರೆ ಆಗ ಅದು ಬರೀ ಮೂರ್ತಿಯೇ.

ಗೆರೆ ಎಲ್ಲ ಕಡೆ ಇಷ್ಟು ನೇರವಾಗಿಲ್ಲ ಅನ್ನಿ. ಆಕಾಶವೇ ತಟ್ಟೆ, ಸೂರ್ಯ ಚಂದ್ರರೇ ದೀಪ, ಬೇರೆ ಆರತಿ ಯಾಕೆ ಅಂತ ಗುರು ನಾನಕರು ಹಾಡಿದ್ದಾರೆ. ಆದರೆ ಬೀದರಿಗೆ ಹತ್ತಿರದ ನಾಂದೇಡದ ಹಜೂರ್ ಸಾಹಿಬ್‌ನಲ್ಲಿ ಅದೇ ಹಾಡಿಗೆ ದೀಪ ಹಚ್ಚಿ ಆರತಿ ಎತ್ತುತ್ತಾರೆ. ಪಂಜಾಬಿನ ಎಷ್ಟೋ ಸಿಖ್ಖರಿಗೆ ಇದು ಸರಿ ಕಾಣುವುದಿಲ್ಲ.

ನಾನಕರು ಪಾದದಿಂದ ಕಲ್ಲು ಸರಿಸಿದರು, ಸಿಹಿನೀರಿನ ಝರಿ ಹೊಮ್ಮಿತು ಎಂಬ ಕತೆಯನ್ನು ಝೀರಾದಲ್ಲಿ ನಿಮಗೂ ಹೇಳಿರುತ್ತಾರೆ. ಭಕ್ತರಿಗೆ ಅದು ಪ್ರೀತಿಯ ಕತೆ. ಆದರೆ ಗುರುವಿನ ದೊಡ್ಡಸ್ತಿಕೆ ಪವಾಡದಲ್ಲಿಲ್ಲ. ಸಿದ್ಧಿಗಳ ರುಚಿ ಬೇರೆ ಕಡೆ ಎಳೆಯುತ್ತದೆ ಎಂದು ನಾನಕರ ಪ್ರಾರ್ಥನಾ ರಚನೆ ಜಪ್‌ಜೀಯಲ್ಲೇ ಇದೆ. 1675ರಲ್ಲಿ ದೆಹಲಿಯಲ್ಲಿ ಒಂಬತ್ತನೆಯ ಗುರು ತೇಗ್ ಬಹಾದ್ದೂರರಿಗೆ ‘ಪವಾಡ ತೋರಿಸು’ ಅಂದಾಗ ಒಪ್ಪದೆ ತಲೆ ಕೊಟ್ಟರು ಎಂದು ಸಿಖ್ ಪರಂಪರೆ ನೆನೆಯುತ್ತದೆ.

ಬೀದರಿನವರು ಹೆಮ್ಮೆಪಡಬೇಕಾದ ಸಂಗತಿ ಇನ್ನೊಂದಿದೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನ ಸಾಹಿಬ್ ಸಿಂಗ್, ಕ್ಷೌರಿಕರ ಮನೆತನದವರು. ಐವರಿಗೂ ದೀಕ್ಷೆಯ ಅಮೃತ ಕೊಟ್ಟ ಮೇಲೆ ಗುರುವೇ ಅವರ ಮುಂದೆ ಕೈಯೊಡ್ಡಿ, ‘ಈಗ ನನಗೆ ಕೊಡಿ’ ಅಂದರು. ತಾನೇ ದೇವರು ಎನ್ನುವವರು ಶಿಷ್ಯರ ಮುಂದೆ ಹೀಗೆ ನಿಲ್ಲುತ್ತಾರೆಯೇ?

ಕೊನೆಯದು, ನೀವು ತಲೆಬಾಗದೆ ಬಂದದ್ದು. ಅದಕ್ಕೆ ಬಲವಂತವಿಲ್ಲ. ತಲೆಗೆ ಬಟ್ಟೆ ಕಟ್ಟಿ, ಚಪ್ಪಲಿ ಬಿಟ್ಟು, ಗ್ರಂಥಕ್ಕೆ ಬೆನ್ನು ತೋರಿಸದೆ ನೆಲದ ಮೇಲೆ ಕೂತರೆ ಸಾಕು. ಹಲ್ವದಂಥ ಬಿಸಿಬಿಸಿ ಕಡಾ ಪ್ರಸಾದವನ್ನು ಎರಡೂ ಕೈ ಬೊಗಸೆ ಮಾಡಿ ತೆಗೆದುಕೊಳ್ಳಿ, ತುಪ್ಪ ಜಾಸ್ತಿ ಇರುತ್ತದೆ. ಲಂಗರ್‌ನಲ್ಲಿ, ಅಂದರೆ ಎಲ್ಲರಿಗೂ ಉಣಬಡಿಸುವ ಗುರುದ್ವಾರದ ಅಡುಗೆಮನೆಯಲ್ಲಿ, ಊಟ ಮಾಡದೆ ಬಂದಿದ್ದರೆ ಮುಂದಿನ ಸಲ ಬಿಡಬೇಡಿ.