‘ಅಂದುಕೊಂಡಿದ್ದೆ’

ಪತ್ರ: ಎರಡು ವರ್ಷ ಅಮ್ಮನಿಗಾಗಿ ಪ್ರಾರ್ಥಿಸಿದೆ, ಉಪವಾಸ ಮಾಡಿದೆ. ಅಮ್ಮ ಉಳಿಯಲಿಲ್ಲ. ದೇವರು ಕೈಬಿಡಲ್ಲ ಅಂದುಕೊಂಡಿದ್ದೆ. ‘ನಿನ್ನ ನಂಬಿಕೆ ಸಾಲಲಿಲ್ಲ’ ಅಂದರು ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು. ನಾನು ತಿಳಿದುಕೊಂಡಿದ್ದ ದೇವರೇ ತಪ್ಪಾ?

ಉತ್ತರ: ಸಹೋದರಿ, ನಿಮ್ಮ ಪತ್ರ ನಾಲ್ಕು ಪುಟ ಇದೆ. ಮೇಲೆ ಹಾಕಿರುವುದು ಒಂದು ತುಣುಕು. ಪೂರ್ತಿ ಪತ್ರದಲ್ಲಿ ‘ಅಂದುಕೊಂಡಿದ್ದೆ’ ಎಂಬ ಮಾತು ಏಳು ಸಲ ಬಂದಿದೆ. ಎಣಿಸಿದೆ. ಸಂಪಾದಕರ ಕೆಟ್ಟ ಚಟ, ಬೇಜಾರಾಗಬೇಡಿ.

‘ಬೇಡಿಕೊಳ್ಳಿರಿ, ನಿಮಗೆ ದೊರೆಯುವುದು’ ಎಂದು ಯೇಸುವೇ ಹೇಳಿದ್ದಾನೆ. ಆ ಹಿರಿಯರು ಅದನ್ನು ನೆನೆದೇ ಮಾತಾಡಿರಬಹುದು. ಇರಲಿ.

ಈಗ ಬೈಬಲಿನ ನಾಮಾನನನ್ನು ನೋಡಿ. ಅರಾಮ್ಯರ ಸೇನಾಪತಿ, ಮೈಯಲ್ಲಿ ಕುಷ್ಠ. ಕುದುರೆ, ರಥ ಸಮೇತ ಪ್ರವಾದಿ ಎಲೀಷನ ಬಾಗಿಲಿಗೆ ಬಂದ. ಎಲೀಷ ಹೊರಗೂ ಬರಲಿಲ್ಲ. ಯೊರ್ದನ್ ನದಿಯಲ್ಲಿ ಏಳು ಸಲ ಮುಳುಗು ಅಂತ ಆಳಿನ ಕೈಲಿ ಹೇಳಿ ಕಳಿಸಿದ. ನಾಮಾನ ಉರಿದುಬಿದ್ದ. ‘ಅವನು ಹೊರಗೆ ಬಂದು, ನಿಂತು, ತನ್ನ ದೇವರ ಹೆಸರೆತ್ತಿ, ಕೈಯಾಡಿಸಿ ವಾಸಿ ಮಾಡುತ್ತಾನೆ ಅಂದುಕೊಂಡಿದ್ದೆ’ ಅಂದ. ಇಡೀ ನಾಟಕ ಮೊದಲೇ ಬರೆದುಕೊಂಡು ಬಂದಿದ್ದ ನೋಡಿ, ಕೈ ಎಲ್ಲಿ ಆಡಿಸಬೇಕು ಅನ್ನುವುದೂ ಸೇರಿ!

ಅವನಿಗೆ ವಾಸಿಯಾಯಿತಲ್ಲ ಅಂತೀರಿ. ಸರಿ, ಯೋಹಾನನಿಗೆ ಬರೋಣ. ಯೇಸುವಿಗೆ ದೀಕ್ಷಾಸ್ನಾನ ಕೊಟ್ಟವನೇ ಅವನು. ಮರಗಳ ಬೇರಿಗೆ ಕೊಡಲಿ ಬಿದ್ದಾಯಿತು, ಅಂದರೆ ದೇವರ ತೀರ್ಪು ಬಂದೇಬಿಟ್ಟಿತು ಎಂದು ಸಾರಿದವನು. ಅಂಥವನು ಸೆರೆಮನೆಯಿಂದ ಯೇಸುವನ್ನು ಕೇಳಿ ಕಳಿಸುತ್ತಾನೆ: ‘ಬರಬೇಕಾದವನು ನೀನೋ, ಬೇರೆಯವನಿಗಾಗಿ ಕಾಯಬೇಕೋ?’ ಕುರುಡರು ಕಾಣುತ್ತಾರೆ, ಕುಂಟರು ನಡೆಯುತ್ತಾರೆ ಎಂದು ಉತ್ತರ ಬಂತು. ಸೆರೆಮನೆ ಬಾಗಿಲಿನ ಸುದ್ದಿಯೇ ಇಲ್ಲ. ಆ ಬಾಗಿಲು ತೆರೆಯಲೂ ಇಲ್ಲ, ಅಲ್ಲೇ ಅವನ ತಲೆ ಹೋಯಿತು. ಆದರೆ ಅವನು ಹಾಗೆ ಕೇಳಿಸಿದ ಮೇಲೂ ಯೇಸು ಜನರಿಗೆ ಹೇಳಿದ್ದೇನು? ಹೆಂಗಸರಲ್ಲಿ ಹುಟ್ಟಿದವರಲ್ಲಿ ಯೋಹಾನನಿಗಿಂತ ದೊಡ್ಡವನಿಲ್ಲ ಅಂತ. ‘ನಂಬಿಕೆ ಸಾಲದು’ ಎನ್ನುವವರು ಮತ್ತಾಯನ ಸುವಾರ್ತೆಯ 11ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಲಿ.

ನನ್ನದೂ ಒಂದು ಕಥೆ ಇದೆ. ಚಿಕ್ಕವನಿದ್ದಾಗ ಅಪ್ಪನ ಚಪ್ಪಲಿ ಸದ್ದು ಬಾಗಿಲಲ್ಲಿ ಕೇಳಿದರೆ ಸಾಕು, ಆಟ ಬಿಟ್ಟು ಪುಸ್ತಕ ತೆರೆಯುತ್ತಿದ್ದೆ. ಎಷ್ಟೋ ಸಲ ತಲೆಕೆಳಗಾಗಿ! ನಲವತ್ತು ದಾಟುವವರೆಗೂ ನನ್ನ ದೇವರು ಅದೇ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದ. ಪ್ರಾರ್ಥನೆ ಅಂದರೆ ಪುಸ್ತಕ ತೆರೆದಂತೆ ನಟಿಸುವುದು. ನೀವು ಕೈಬಿಡದವನನ್ನು ಕಾದಿರಿ, ನಾನು ಬೈಯುವವನನ್ನು. ಇಬ್ಬರೂ ಕಾದದ್ದು ಅಂದುಕೊಂಡವನನ್ನೇ, ಅಲ್ವಾ? ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ದೇವರು ತಪ್ಪಲ್ಲ, ನೀವು ಬರೆದುಕೊಂಡ ನಾಟಕ ತಪ್ಪು. ಕಠಿಣ ಅನ್ನಿಸಿದರೆ ಕ್ಷಮಿಸಿ. ಆದರೆ ಈ ಪ್ರಶ್ನೆ ಕೇಳಲು ಧೈರ್ಯ ಬೇಕು, ಅದು ನಿಮಗಿದೆ.

ತಪ್ಪು ನಿಮ್ಮೊಬ್ಬರದೇ ಅಲ್ಲ ಬಿಡಿ. ಸಭೆಗಳಲ್ಲಿ ಸಾಕ್ಷಿ ಹೇಳಲು, ಅಂದರೆ ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ಹೇಳಲು, ಯಾರನ್ನು ಕರೆಯುತ್ತಾರೆ? ಕೆಲಸ ಸಿಕ್ಕವರನ್ನು, ಕಾಯಿಲೆ ವಾಸಿಯಾದವರನ್ನು. ಕೇಳಿದ್ದು ಸಿಗದವರು ಹಿಂದಿನ ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟಬೇಕು. ನಮ್ಮ ಪತ್ರಿಕೆಯೇನು ಕಮ್ಮಿಯಲ್ಲ. ಸಾಕ್ಷಿ ಅಂಕಣಕ್ಕೆ ಬರುವ ಲೇಖನವೆಲ್ಲ ‘ಕೊನೆಗೂ ಸಿಕ್ಕಿತು’ ಎಂದೇ ಮುಗಿಯುತ್ತದೆ, ನಾವೂ ಸುಮ್ನೆ ಅಚ್ಚು ಹಾಕುತ್ತೇವೆ. ಯೋಹಾನ ಬರೆದು ಕಳಿಸಿದ್ದರೆ ವಾಪಸ್ ಹೋಗುತ್ತಿತ್ತೇನೋ.

ಕೊನೇ ರಾತ್ರಿ ಅಮ್ಮ ನಿಮ್ಮ ಬೆರಳು ಹಿಡಿದುಕೊಂಡು ನಿದ್ದೆ ಹೋದರು ಎಂದು ನಾಲ್ಕನೇ ಪುಟದಲ್ಲಿ ಒಂದೇ ಸಾಲು ಬರೆದಿದ್ದೀರಿ. ಆ ರಾತ್ರಿಯ ಬಗ್ಗೆ ಬರೆದು ಕಳಿಸಿ. ಸಾಕ್ಷಿ ಅಂಕಣದಲ್ಲೇ ಹಾಕುತ್ತೇನೆ.