ಜರ್ಮನಿಗೆ ಹೋದ ಮಗಳ ಮೊದಲ ರಿಟರ್ನ್

ಪ್ರಶ್ನೆ: ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ನನ್ನ ಮಗಳು 2025ರ ಆಗಸ್ಟ್ 10ರಂದು ಕೆಲಸಕ್ಕಾಗಿ ಜರ್ಮನಿಗೆ ತೆರಳಿದ್ದಾಳೆ. ಇಲ್ಲಿ ಜಲನಗರದಲ್ಲಿ ಅವಳ ಹೆಸರಿನಲ್ಲಿರುವ ಮನೆಯಿಂದ ಬಾಡಿಗೆ ಬರುತ್ತದೆ. ಆ ವರ್ಷದ ಆದಾಯ ತೆರಿಗೆ ರಿಟರ್ನ್ ಹೇಗೆ ಸಲ್ಲಿಸಬೇಕು?
– ಓದುಗರೊಬ್ಬರು, ವಿಜಯಪುರ

ಉತ್ತರ: ಏಪ್ರಿಲ್ 1ರಿಂದ ಹೊರಟ ದಿನದವರೆಗೆ ನಿಮ್ಮ ಮಗಳು ಭಾರತದಲ್ಲಿದ್ದುದು 132 ದಿನ. ಉದ್ಯೋಗಕ್ಕಾಗಿ ವಿದೇಶಕ್ಕೆ ತೆರಳುವ ಭಾರತೀಯ ಪ್ರಜೆಗೆ 182 ದಿನಗಳ ಮಿತಿ ಅನ್ವಯಿಸುವುದರಿಂದ, ಮಾರ್ಚ್ 31ರೊಳಗೆ ಊರಿಗೆ ಬಂದು ಉಳಿದ ದಿನಗಳನ್ನು ಸೇರಿಸಿಯೂ ಆ ಮಿತಿಯನ್ನು ಮುಟ್ಟದಿದ್ದರೆ 2025-26ರ ಆರ್ಥಿಕ ವರ್ಷಕ್ಕೆ ಅವರು ಅನಿವಾಸಿ ಎನಿಸುತ್ತಾರೆ. ಜರ್ಮನಿಯಲ್ಲಿ ದುಡಿದು ಅಲ್ಲಿಯ ಖಾತೆಗೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ; ಬೆಂಗಳೂರಿನ ಸಂಬಳವನ್ನೂ ಬಾಡಿಗೆಯನ್ನೂ ತೋರಿಸಲೇಬೇಕು. ಪಾಲಿಕೆಗೆ ಕಟ್ಟಿದ ಮನೆ ತೆರಿಗೆಯನ್ನು ಬಾಡಿಗೆಯಿಂದ ಕಳೆದು, ಉಳಿದುದರಲ್ಲಿ ಶೇ 30ರಷ್ಟು ಕಡಿತ ಪಡೆಯಬಹುದು. ಅನಿವಾಸಿಗಳು ಐಟಿಆರ್-1 ಎಂಬ ಸರಳ ರಿಟರ್ನ್ ನಮೂನೆ ಬಳಸುವಂತಿಲ್ಲ, ಐಟಿಆರ್-2 ತುಂಬಬೇಕು. ಆದಾಯ ನಿಗದಿತ ಮಿತಿಯೊಳಗಿದ್ದರೆ ನಿವಾಸಿಗಳಿಗೆ ದೊರೆಯುವ ಸೆಕ್ಷನ್ 87ಎ ತೆರಿಗೆ ರಿಯಾಯಿತಿಯೂ ಅವರಿಗಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ, ಏಕೆಂದರೆ ಅನೇಕ ಕುಟುಂಬಗಳ ಲೆಕ್ಕ ತಪ್ಪುವುದು ಇಲ್ಲಿಯೇ. ಬಾಡಿಗೆ ಜಮೆಯಾಗುವ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳು ಭಾರತದಲ್ಲಿನ ಆದಾಯ ಇಡುವ) ಖಾತೆಯಾಗಿ ಬದಲಾಯಿಸಿಕೊಳ್ಳಿ. ಅನಿವಾಸಿ ಮಾಲೀಕರಿಗೆ ಬಾಡಿಗೆ ಕೊಡುವಾಗ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಮುರಿದುಕೊಳ್ಳಬೇಕಾದದ್ದು ಬಾಡಿಗೆದಾರರ ಹೊಣೆಯಾದ್ದರಿಂದ ಅವರಿಗೂ ಈಗಲೇ ತಿಳಿಸುವುದು ನ್ಯಾಯ.

ಜರ್ಮನಿಯಲ್ಲಿ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ. ಅಲ್ಲಿಯ 2025ರ ರಿಟರ್ನ್‌ನಲ್ಲಿ, ಹೊರಡುವ ಮುನ್ನ ಇಲ್ಲಿ ಗಳಿಸಿದ ಸಂಬಳವನ್ನೂ ನಮೂದಿಸಬೇಕು. ಆ ಹಣಕ್ಕೆ ಅಲ್ಲಿ ತೆರಿಗೆ ಬೀಳದಿದ್ದರೂ ಜರ್ಮನ್ ಸಂಬಳಕ್ಕೆ ಅನ್ವಯಿಸುವ ತೆರಿಗೆ ದರ ಅದರಿಂದ ಏರುತ್ತದೆ.